ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಪಿಸಿ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು

ಡೊಂಬಿವಲಿಯಿಂದ ಅಕ್ಕನ ಮಗ ರಾತ್ರಿ ಹತ್ತೂವರೆಗೆ ಫೋನ್ ಮಾಡಿದ. "ಮಾವ, ಹೊಸ ಕಾರ್ಡ್ ಹಾಕಿದೆ, ಡಿಸ್‌ಪ್ಲೇನೇ ಬರ್ತಿಲ್ಲ." ಅರ್ಧ ಗಂಟೆ ಬಿಟ್ಟು ಮತ್ತೆ ಫೋನ್. ಈಗ ಡಿಸ್‌ಪ್ಲೇ ಬಂದಿದೆ, ಆದರೆ ಗೇಮ್ ಶುರು ಮಾಡಿದ ಐದು ನಿಮಿಷಕ್ಕೆ ಪಿಸಿ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಮರುದಿನ ಮೂರನೇ ದೂರು: ರೀಸ್ಟಾರ್ಟ್ ಆಗದೆ ಓಡಿದಷ್ಟು ಹೊತ್ತೂ ಗೇಮ್ ಜರ್ಕ್ ಹೊಡೆಯುತ್ತದೆ, ಹಳೆ ಕಾರ್ಡೇ ವಾಸಿ ಅನ್ನಿಸುತ್ತದೆ. ಅಂಗಡಿಯವರನ್ನು ಕೇಳಿದ್ದಕ್ಕೆ "ಪೀಸ್ ಖರಾಬ್ ಇರಬಹುದು, ತಂದು ತೋರಿಸಿ" ಅಂದರಂತೆ. ಅವನು ಕಾರ್ಡ್ ಬಿಚ್ಚಿ ಡಬ್ಬಕ್ಕೆ ಹಾಕಿ, ಮುಂಬೈಯ ಕಂಪ್ಯೂಟರ್ ಅಂಗಡಿಗಳ ಬೀದಿಯಾದ ಲ್ಯಾಮಿಂಗ್ಟನ್ ರೋಡಿಗೆ ಹೊರಡಲು ತಯಾರಾಗಿದ್ದ. ನಾನಿರುವುದು ಮುಲುಂಡ್‌ನಲ್ಲಿ, ರೈಲಿನ ಒಂದೇ ಲೈನ್. "ಶನಿವಾರ ಬರ್ತೇನೆ ಮಾರಾಯ, ಅಲ್ಲಿವರೆಗೆ ಏನೂ ವಾಪಸ್ ಕೊಡಬೇಡ" ಅಂದೆ.

ಕಾರ್ಡ್ ಸರಿಯಾಗಿಯೇ ಇತ್ತು. ಮೂರು ದೂರಿಗೆ ಮೂರು ಬೇರೆ ಕಾರಣ. ಅವುಗಳಲ್ಲಿ ಎರಡರ ಸುಳಿವು ಆ ಕಾರ್ಡಿನ ಸ್ಪೆಸಿಫಿಕೇಶನ್ ಹಾಳೆಯಲ್ಲಿ ಮೊದಲೇ ಇತ್ತು. ಓದಿರಲಿಲ್ಲ, ಅಷ್ಟೇ. ನಾವೆಲ್ಲ ಕಾರ್ಡ್ ಕೊಳ್ಳುವಾಗ ಹೆಸರು ನೋಡುತ್ತೇವೆ, ಎಷ್ಟು ಜಿಬಿ ಅಂತ ನೋಡುತ್ತೇವೆ, ಬೆಲೆ ನೋಡುತ್ತೇವೆ. ಅಂಗಡಿಯಲ್ಲೂ ಮೊದಲ ಪ್ರಶ್ನೆ "ಕಿತ್ನಾ ಜಿಬಿ ಕಾ ಚಾಹಿಯೇ" ಅಂತಲೇ ಬರುತ್ತದೆ. ಆದರೆ ತೊಂದರೆ ಬರುವುದು ಯಾರೂ ಕೇಳದ ಸಾಲುಗಳಿಂದ: ಎಷ್ಟು ವ್ಯಾಟ್, ಯಾವ ಪಿನ್, ಎಷ್ಟು ಲೇನ್, ಎಷ್ಟು ಉದ್ದ, ಮೆಮೊರಿ ಬಸ್ ಎಷ್ಟು ಬಿಟ್. ಹಾಗಾಗಿ ನಾನು ಇಲ್ಲಿ ಉಲ್ಟಾ ದಾರಿಯಲ್ಲಿ ಹೋಗುತ್ತೇನೆ. ದೋಷ ಮೊದಲು, ಆಮೇಲೆ ಆ ದೋಷಕ್ಕೆ ಹಾಳೆಯ ಯಾವ ಸಾಲು ಓದಬೇಕು ಅನ್ನುವುದು.

ಅವನ ಪಿಸಿ ಹೀಗಿತ್ತು. ರೈಜನ್ 5 2600 ಪ್ರೊಸೆಸರ್, ಬಿ450 ಬೋರ್ಡ್, 8 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್, ಹಳೆ ಕಾರ್ಡ್ ಜಿಟಿಎಕ್ಸ್ 1050 ಟಿಐ, ಕ್ಯಾಬಿನೆಟ್ ಜೊತೆಗೇ ಬಂದ ಎಸ್‌ಎಂಪಿಎಸ್, ಅಂದರೆ ಇಡೀ ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ. ಹೊಸದಾಗಿ ತಂದದ್ದು 12 ಜಿಬಿಯ ಆರ್‌ಟಿಎಕ್ಸ್ 3060, ಮೂರು ಫ್ಯಾನ್‌ನದ್ದು.

ಡಿಸ್‌ಪ್ಲೇ ಬರದಿದ್ದರೆ

ಇದು ಸುಲಭದ್ದು, ಬೇಗ ಮುಗಿಸುತ್ತೇನೆ. ಅವನು ಮಾನಿಟರ್ ಕೇಬಲ್ ಅನ್ನು ಮದರ್‌ಬೋರ್ಡಿನ ಎಚ್‌ಡಿಎಂಐಗೆ ಹಾಕಿದ್ದ. ರೈಜನ್ 5 2600ರೊಳಗೆ ಗ್ರಾಫಿಕ್ಸ್ ಇಲ್ಲವೇ ಇಲ್ಲ, ಆದ್ದರಿಂದ ಆ ಪೋರ್ಟ್‌ನಲ್ಲಿ ಏನೂ ಬರುವುದಿಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರ್‌ಗಳೂ ಹೀಗೆಯೇ, ಉದಾಹರಣೆಗೆ ಐ5 10400ಎಫ್. ಕೇಬಲ್ ಯಾವಾಗಲೂ ಕಾರ್ಡಿನ ಪೋರ್ಟ್‌ಗೆ.

ಕೇಬಲ್ ಸರಿಯಿದ್ದೂ ಬರದಿದ್ದರೆ ಮೂರು ವಿಷಯ ನೋಡಿ. ಒಂದು, ಕಾರ್ಡಿಗೆ ಕೊಡುವ ಪವರ್ ಕೇಬಲ್ ಪೂರ್ತಿ ಒಳಗೆ ಕೂತಿದೆಯಾ, ಬೋರ್ಡಿನಲ್ಲಿ ಕಾರ್ಡ್ ಕೂರುವ ಸ್ಲಾಟಿನ ಕೊನೆಯ ಲಾಕ್ ಟಕ್ ಅಂತ ಬಿದ್ದಿದೆಯಾ. ಎರಡು, ಮಾನಿಟರ್ ಹಳೆಯ ವಿಜಿಎದ್ದಾ? ಈಗಿನ ಕಾರ್ಡ್‌ಗಳಲ್ಲಿ ವಿಜಿಎ ಸಿಗ್ನಲ್ ಬರುವುದೇ ಇಲ್ಲ, ಬರೀ ಪಿನ್ ಬದಲಾಯಿಸುವ ತುಂಡು ಸಾಲದು, ಒಳಗೆ ಚಿಪ್ ಇರುವ ಕನ್ವರ್ಟರ್ ಬೇಕು. ಮೂರು, ಬೋರ್ಡ್ ತುಂಬಾ ಹಳೆಯದಾ? ಯುಇಎಫ್‌ಐ ಅನ್ನುವ ಹೊಸ ಥರದ ಬಯೋಸ್ (ಪಿಸಿಯನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಮ್) ಬರುವ ಮೊದಲಿನ ಬೋರ್ಡ್‌ಗಳಲ್ಲಿ ಕೆಲವು ಹೊಸ ಕಾರ್ಡ್‌ಗಳು ಎದ್ದೇಳುವುದಿಲ್ಲ. ಅಂಥ ಕಡೆ ಬಯೋಸ್ ಅಪ್‌ಡೇಟ್ ಇದೆಯಾ ಅಂತ ಬೋರ್ಡ್ ಕಂಪನಿಯ ಪುಟದಲ್ಲಿ ನೋಡಿ.

ಇನ್ನೊಂದು ಮಾತು, ಇದು ನಮ್ಮೂರಿನ ಹವೆಗೆ ಸಂಬಂಧಪಟ್ಟದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈಯ ತೇವಕ್ಕೆ ಕಾರ್ಡಿನ ಕೆಳಗಿನ ಬಂಗಾರದ ಬಣ್ಣದ ಪಟ್ಟಿಯ ಮೇಲೆ ಒಂದು ತೆಳು ಕೊಳೆ ಕೂರುತ್ತದೆ. ಸೆಕೆಂಡ್ ಹ್ಯಾಂಡ್ ಕಾರ್ಡ್ ಆದರಂತೂ ಖಂಡಿತ. ಬಟ್ಟೆಗೆ ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಒಣಗಲು ಬಿಟ್ಟು ಮತ್ತೆ ಕೂರಿಸಿ. ಎಷ್ಟೋ "ಸತ್ತ" ಕಾರ್ಡ್‌ಗಳು ಇಷ್ಟಕ್ಕೇ ಎದ್ದು ಕೂತದ್ದನ್ನು ನೋಡಿದ್ದೇನೆ.

ಗೇಮ್ ಮಧ್ಯೆ ರೀಸ್ಟಾರ್ಟ್ ಆದರೆ

ಇಲ್ಲಿ ಅವಸರ ಬೇಡ. "ರೀಸ್ಟಾರ್ಟ್ ಆಗ್ತದೆ" ಅನ್ನುವ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಕಾಯಿಲೆಗಳಿರಬಹುದು, ಅದಕ್ಕೇ ನಾನು ಮೊದಲು ಕೇಳುವುದು "ಸರಿಯಾಗಿ ಏನಾಯ್ತು ಹೇಳು" ಅಂತ. ನೀಲಿ ಪರದೆ ಬಂತಾ? ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬಂದು ಗೇಮ್ ಮಾತ್ರ ಮುಚ್ಚಿತಾ? ಬಣ್ಣದ ಚುಕ್ಕೆ, ಗೆರೆ ಕಂಡವಾ? ಅಥವಾ ಕರೆಂಟ್ ತೆಗೆದ ಹಾಗೆ ಪಟ್ ಅಂತ ಆರಿತಾ?

ಪರದೆ ಕಪ್ಪಾಗಿ ಮತ್ತೆ ಬಂದರೆ ಹೆಚ್ಚಾಗಿ ಡ್ರೈವರ್, ಅಂದರೆ ಕಾರ್ಡನ್ನು ವಿಂಡೋಸ್‌ಗೆ ಜೋಡಿಸುವ ಸಾಫ್ಟ್‌ವೇರ್‌ನ ವಿಷಯ. ವಿಂಡೋಸ್ ತಪ್ಪುಗಳನ್ನು ಬರೆದಿಡುವ ಈವೆಂಟ್ ವ್ಯೂವರ್ ತೆರೆದರೆ ಡಿಸ್‌ಪ್ಲೇ ಅನ್ನುವ ಹೆಸರಿನಲ್ಲಿ 4101 ನಂಬರಿನ ಎಂಟ್ರಿ ಸಿಗುತ್ತದೆ. ಹಳೆ ಡ್ರೈವರ್ ಪೂರ್ತಿ ತೆಗೆದು ಹೊಸದು ಹಾಕಿ. ಎಎಂಡಿಯಿಂದ ಎನ್ವಿಡಿಯಾಗೆ ಅಥವಾ ಆಚೆಯಿಂದ ಈಚೆಗೆ ಬದಲಾಯಿಸಿದ್ದರೆ ಸೇಫ್ ಮೋಡ್‌ನಲ್ಲಿ ಡ್ರೈವರನ್ನು ಬೇರುಸಹಿತ ಕೀಳುವ ಡಿಡಿಯು ಅನ್ನುವ ಪ್ರೋಗ್ರಾಮ್ ಓಡಿಸಿ ತೆಗೆಯುವುದು ಒಳ್ಳೆಯದು. ಚುಕ್ಕೆ ಮತ್ತು ಗೆರೆ ಗೇಮ್‌ನಲ್ಲಿ ಮಾತ್ರವಲ್ಲ, ಬಯೋಸ್ ಪರದೆಯಲ್ಲೂ ಕಂಡರೆ ಡ್ರೈವರ್‌ಗೂ ಅದಕ್ಕೂ ಸಂಬಂಧ ಇಲ್ಲ. ಆಗ ಕಾರ್ಡಿನ ಮೆಮೊರಿಯೇ ಹೋಗಿರುವ ಸಾಧ್ಯತೆ ಜಾಸ್ತಿ, ವಾರಂಟಿಗೆ ಕೊಡಿ.

ಪಟ್ ಅಂತ ಆರಿದರೆ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಸಿಗುತ್ತದೆ. ಇದನ್ನು ನೋಡಿದ ಕೂಡಲೇ ಎಲ್ಲರೂ ಎಸ್‌ಎಂಪಿಎಸ್ ಹೋಯಿತು ಅನ್ನುತ್ತಾರೆ, ಅದು ತಪ್ಪು. 41 ಹೇಳುವುದು ಇಷ್ಟೇ: ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ನಿಂತಿತು. ಆ ಎಂಟ್ರಿಯ ವಿವರ ತೆರೆದು ಬಗ್‌ಚೆಕ್ ಕೋಡ್ ಅನ್ನುವ ಸಾಲು ನೋಡಿ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಇದ್ದರೆ ನೀಲಿ ಪರದೆ ಬಂದಿತ್ತು, ನಿಮಗೆ ಕಾಣುವ ಮೊದಲೇ ವಿಂಡೋಸ್ ರೀಸ್ಟಾರ್ಟ್ ಮಾಡಿಬಿಟ್ಟಿದೆ. ಸೊನ್ನೆಯೇ ಇದ್ದರೆ, ಅದೂ ಗೇಮ್ ಆಡುವಾಗ ಮಾತ್ರ ಆಗುತ್ತಿದ್ದರೆ, ಪವರ್ ಕಡೆಗೆ ತಿರುಗಿ. ಅವನದ್ದರಲ್ಲಿ ಸೊನ್ನೆ ಇತ್ತು.

ಪವರ್ ಅಂದಾಗಲೂ ಮೊದಲು ಗೋಡೆಯಿಂದ ಶುರು ಮಾಡಿ. ಯುಪಿಎಸ್ ಇದೆಯಾ? ಮನೆಗಳಲ್ಲಿ ಇಟ್ಟುಕೊಳ್ಳುವ 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಹಳೆ ಕಾರ್ಡ್ ಇದ್ದಾಗ ಸಾಲುತ್ತಿತ್ತು, ಹೊಸ ಕಾರ್ಡ್ ಮತ್ತು ಮಾನಿಟರ್ ಸೇರಿ ಎಳೆದಾಗ ಅದು ಬೀಪ್ ಹೊಡೆದು ಕೈಬಿಡುತ್ತದೆ. ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್‌ಗೆ ಹಾಕಿ ಅದೇ ಗೇಮ್ ಆಡಿ ನೋಡಿ. ನಾವು ಹಾಕಿ ನೋಡಿದೆವು, ಆದರೂ ಆರಿತು. ಹಾಗಾದರೆ ಉಳಿದದ್ದು ಎಸ್‌ಎಂಪಿಎಸ್.

ಕ್ಯಾಬಿನೆಟ್ ಪಕ್ಕದ ಬಾಗಿಲು ತೆಗೆದು ಎಸ್‌ಎಂಪಿಎಸ್ ಮೇಲಿನ ಚೀಟಿ ಓದಿದೆ. ದೊಡ್ಡ ಅಕ್ಷರದಲ್ಲಿ 450. ಅಕ್ಕ ಪಕ್ಕದಲ್ಲೇ ನಿಂತಿದ್ದಳು, "450 ಅಂತ ಇದೆಯಲ್ಲ, ಸಾಕಲ್ವಾ?" ಅಂದಳು. ನೋಡಬೇಕಾದ್ದು ಆ ದೊಡ್ಡ ಸಂಖ್ಯೆಯಲ್ಲ, ಕೆಳಗೆ ಸಣ್ಣ ಪಟ್ಟಿಯಲ್ಲಿ 12 ವೋಲ್ಟ್ ಕೆಳಗೆ ಬರೆದ ಆಂಪ್ಸ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಕುಡಿಯುವುದು ಆ 12 ವೋಲ್ಟ್ ಸಾಲಿನಿಂದಲೇ. ಅಲ್ಲಿ 18 ಆಂಪ್ಸ್ ಇತ್ತು. 12ನ್ನು 18ರಿಂದ ಗುಣಿಸಿದರೆ 216 ವ್ಯಾಟ್. ಇಷ್ಟೇ ಅದರ ನಿಜವಾದ ಶಕ್ತಿ.

ಈಗ ಖರ್ಚು ಲೆಕ್ಕ ಹಾಕಿ. ಆರ್‌ಟಿಎಕ್ಸ್ 3060ರ ಹಾಳೆಯಲ್ಲಿ 170 ವ್ಯಾಟ್ ಅಂತ ಇದೆ. ಪ್ರೊಸೆಸರ್ 65 ವ್ಯಾಟ್ ಅಂತ ಬರೆದಿದ್ದರೂ ಪೂರ್ತಿ ಕೆಲಸದಲ್ಲಿ 88ರವರೆಗೆ ಹೋಗಬಹುದು. ಅಲ್ಲಿಗೇ 258 ಆಯಿತು. ಬೋರ್ಡ್, ಫ್ಯಾನ್, ಹಾರ್ಡ್ ಡಿಸ್ಕ್ ಇನ್ನೂ ಸೇರಿಸಿಲ್ಲ. ಅದರ ಮೇಲೆ ಗ್ರಾಫಿಕ್ಸ್ ಕಾರ್ಡ್ ಕೆಲವು ಮಿಲಿಸೆಕೆಂಡ್‌ಗಳ ಮಟ್ಟಿಗೆ ತನ್ನ ಬರೆದ ವ್ಯಾಟ್‌ಗಿಂತ ಎಷ್ಟೋ ಜಾಸ್ತಿ ಎಳೆಯುತ್ತದೆ. 216 ಕೊಡುವ ಪೆಟ್ಟಿಗೆ ಆ ಹೊತ್ತಿಗೆ ತನ್ನನ್ನು ಉಳಿಸಿಕೊಳ್ಳಲು ಆರಿಬಿಡುತ್ತದೆ. ಅದು ಆರಿದ್ದೇ ಪುಣ್ಯ. ಹಳೆಯ 1050 ಟಿಐ ಬರೀ 75 ವ್ಯಾಟ್‌ನದ್ದು, ಸ್ಲಾಟಿನಿಂದಲೇ ಅಷ್ಟೂ ಸಿಗುತ್ತಿತ್ತು, ಅದಕ್ಕೇ ಇಷ್ಟು ವರ್ಷ ಏನೂ ಗೊತ್ತಾಗಲಿಲ್ಲ.

ಮಲ್ಟಿಮೀಟರ್ ಇದ್ದವರು 12 ವೋಲ್ಟ್ ಅಳೆದು ಸರಿಯಿದೆ ಅಂದುಕೊಳ್ಳುತ್ತಾರೆ. ಸುಮ್ನೆ ಕೂತ ಪಿಸಿಯಲ್ಲಿ ಅದು ಸರಿಯಾಗೇ ಕಾಣುತ್ತದೆ. 11.4ರಿಂದ 12.6ರ ಒಳಗೆ ಇರಬೇಕು ಅನ್ನುವುದು ನಿಯಮ, ಆದರೆ ಗೇಮ್‌ನ ಆ ಕ್ಷಣದ ಕುಸಿತವನ್ನು ಮೀಟರ್ ಹಿಡಿಯುವುದಿಲ್ಲ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಒಂದಿದೆ, ದುಡ್ಡೂ ಬೇಡ. ಕಾರ್ಡಿನ ವೇಗ, ಪವರ್ ಹಿಡಿತಕ್ಕೆ ಕೊಡುವ ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಪ್ರೋಗ್ರಾಮ್ ಹಾಕಿ, ಪವರ್ ಲಿಮಿಟ್ ಅನ್ನುವ ಸ್ಲೈಡರ್ ಎಷ್ಟು ಕೆಳಗೆ ಬರುತ್ತದೋ ಅಷ್ಟು ಇಳಿಸಿ, ಗೇಮ್‌ನಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಅನ್ನು 30ಕ್ಕೆ ಕಟ್ಟಿಹಾಕಿ. ಈಗ ಗಂಟೆಗಟ್ಟಲೆ ಓಡಿ, ಲಿಮಿಟ್ ಬಿಟ್ಟ ಕೂಡಲೇ ಮತ್ತೆ ಆರಿದರೆ ಪವರ್ ಸಾಲುತ್ತಿಲ್ಲ ಅನ್ನುವುದು ಹೆಚ್ಚುಕಡಿಮೆ ಖಚಿತ. ನಾವು ಮಾಡಿದಾಗ ಹಾಗೆಯೇ ಆಯಿತು.

ಆಮೇಲೆ ಆ ಕೇಬಲ್ ನೋಡಿ ನಿಜವಾಗಿ ಹೆದರಿದೆ. ಹಳೆ ಎಸ್‌ಎಂಪಿಎಸ್‌ನಲ್ಲಿ 8 ಪಿನ್ ಕೇಬಲ್ ಇರಲಿಲ್ಲ, ಅದಕ್ಕೆ ಹಾರ್ಡ್ ಡಿಸ್ಕ್‌ಗೆ ಕರೆಂಟ್ ಕೊಡುವ ಎರಡು ಸಾಟಾ ಪ್ಲಗ್‌ಗಳನ್ನು ಸೇರಿಸಿ 8 ಪಿನ್ ಮಾಡುವ ಜೋಡಣೆಯ ತುಂಡೊಂದನ್ನು ಕಾರ್ಡಿನ ಜೊತೆಗೇ ಕೊಟ್ಟು ಕಳಿಸಿದ್ದರು. ಒಂದು ಸಾಟಾ ಪ್ಲಗ್ 12 ವೋಲ್ಟ್‌ನಲ್ಲಿ ತಡೆದುಕೊಳ್ಳುವುದು 4.5 ಆಂಪ್ಸ್, ಅಂದರೆ 54 ವ್ಯಾಟ್. ಎರಡು ಸೇರಿದರೆ 108. 8 ಪಿನ್‌ನಿಂದ ಕಾರ್ಡ್ 150 ವ್ಯಾಟ್‌ವರೆಗೆ ಕೇಳಬಹುದು. ತಂತಿ ಬಿಸಿಯಾಗಿ ಪ್ಲಾಸ್ಟಿಕ್ ಕರಗುವುದು ಹೀಗೆಯೇ. ಇಂಥ ತುಂಡು ಯಾರಾದರೂ ಕೊಟ್ಟರೆ ದಯವಿಟ್ಟು ಹಾಕಬೇಡಿ. ಲೆಕ್ಕ ಇಷ್ಟೇ ನೆನಪಿಟ್ಟುಕೊಳ್ಳಿ: ಸ್ಲಾಟಿನಿಂದ 75 ವ್ಯಾಟ್, 6 ಪಿನ್‌ನಿಂದ 75, 8 ಪಿನ್‌ನಿಂದ 150. ಪ್ರೊಸೆಸರ್‌ಗೆ ಹೋಗುವ 8 ಪಿನ್ ಬೇರೆ, ಕಾರ್ಡಿನ 8 ಪಿನ್ ಬೇರೆ. ಕಾರ್ಡಿನದು 6 ಮತ್ತು 2 ಆಗಿ ಬಿಡಿಸಬಹುದಾದದ್ದು, ಪ್ರೊಸೆಸರಿನದು 4 ಮತ್ತು 4. ಒತ್ತಿ ತುರುಕಲು ಹೋಗಬೇಡಿ. ಕೇಬಲ್ ಬಿಚ್ಚಬಹುದಾದ ಎಸ್‌ಎಂಪಿಎಸ್ ಇದ್ದರೆ ಒಂದರ ಕೇಬಲ್ ಇನ್ನೊಂದಕ್ಕೆ ಹಾಕಲೇಬಾರದು. ಕಾರ್ಡಿನ ಕಡೆಯ ತುದಿ ಒಂದೇ ಥರ ಇದ್ದರೂ ಪೆಟ್ಟಿಗೆ ಕಡೆಯ ತುದಿಗೆ ಎಲ್ಲರಿಗೂ ಒಂದೇ ಅನ್ನುವ ನಿಯಮ ಇಲ್ಲ, ಒಂದು ತಪ್ಪಿಗೆ ಕಾರ್ಡ್, ಡಿಸ್ಕ್ ಎಲ್ಲ ಹೋಗುತ್ತವೆ.

ಆವತ್ತೇ ಮಧ್ಯಾಹ್ನ ಹೊರಟೆವು. ದಾದರ್‌ನಲ್ಲಿ ಇಳಿದು ವೆಸ್ಟರ್ನ್ ಲೈನ್ ಹಿಡಿದು ಗ್ರಾಂಟ್ ರೋಡ್, ಅಲ್ಲಿಂದ ನಡೆದು ಲ್ಯಾಮಿಂಗ್ಟನ್ ರೋಡ್. ಕಾರ್ಡಿನ ಹಾಳೆಯಲ್ಲಿ ಕಂಪನಿ 550 ವ್ಯಾಟ್ ಎಸ್‌ಎಂಪಿಎಸ್ ಬೇಕು ಅಂತ ಬರೆದಿದೆ. ಕೌಂಟರ್‌ನಲ್ಲಿ ಮೊದಲು ತೋರಿಸಿದ್ದೂ 550 ಅಂತಲೇ ಬರೆದದ್ದು, ಡಬ್ಬ ತಿರುಗಿಸಿ ಆಂಪ್ಸ್ ನೋಡಿ ವಾಪಸ್ ಇಟ್ಟೆ. ಕೊನೆಗೆ ತಂದದ್ದರಲ್ಲಿ 12 ವೋಲ್ಟ್‌ಗೆ 45 ಆಂಪ್ಸ್, ಅಂದರೆ 540 ವ್ಯಾಟ್. 80 ಪ್ಲಸ್ ಅನ್ನುವ ಗುರುತು ನೋಡಿ ಜನ ಸಮಾಧಾನ ಪಡುತ್ತಾರೆ. ಅದು ಗೋಡೆಯಿಂದ ತೆಗೆದುಕೊಂಡದ್ದರಲ್ಲಿ ಎಷ್ಟು ಭಾಗ ವ್ಯರ್ಥವಾಗದೆ ಸಿಗುತ್ತದೆ ಅಂತ ಹೇಳುವ ಗುರುತು. ಇದ್ದರೆ ಒಳ್ಳೆಯದು, ಆದರೆ ಆಂಪ್ಸ್ ಓದುವ ಕೆಲಸ ಅದರಿಂದ ತಪ್ಪುವುದಿಲ್ಲ. ಹಳೆ ಪೆಟ್ಟಿಗೆಯನ್ನು ಬಿಚ್ಚಿ ರಿಪೇರಿ ಮಾಡಲು ಹೋಗಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು.

ರೀಸ್ಟಾರ್ಟ್ ನಿಂತಿತು, ಜರ್ಕ್ ನಿಲ್ಲಲಿಲ್ಲ

ಹೊಸ ಎಸ್‌ಎಂಪಿಎಸ್ ಹಾಕಿ ರಾತ್ರಿ ಒಂದು ಗಂಟೆ ಆಡಿಸಿದೆವು, ಒಮ್ಮೆಯೂ ಆರಲಿಲ್ಲ. ಆದರೆ ಗೇಮ್‌ನಲ್ಲಿ ಪಾತ್ರ ತಿರುಗಿದಾಗಲೆಲ್ಲ ಸಿಕ್ಕಿಕೊಳ್ಳುತ್ತಿತ್ತು. ಜಿಪಿಯು-ಝಡ್ ಅನ್ನುವ ಚಿಕ್ಕ ಉಚಿತ ಪ್ರೋಗ್ರಾಮ್ ಇದೆ, ಕಾರ್ಡ್ ಬದಲಾಯಿಸುವ ಪ್ರತಿಯೊಬ್ಬರ ಹತ್ತಿರವೂ ಅದು ಇರಬೇಕು ಅನ್ನುತ್ತೇನೆ. ಅದರಲ್ಲಿ ಬಸ್ ಇಂಟರ್‌ಫೇಸ್ ಅನ್ನುವ ಒಂದು ಸಾಲು. ಮೊದಲ ಭಾಗ ಕಾರ್ಡ್ ಏನು ಮಾಡಬಲ್ಲದು ಅಂತ, ಎರಡನೇ ಭಾಗ ಈಗ ಏನು ಸಿಗುತ್ತಿದೆ ಅಂತ. ಸುಮ್ನೆ ಕೂತಾಗ ಕಾರ್ಡ್ ಕರೆಂಟ್ ಉಳಿಸಲು ವೇಗ ಇಳಿಸಿಕೊಂಡು 1.1 ಅಂತ ತೋರಿಸುತ್ತದೆ, ಗಾಬರಿ ಬೇಡ. ಪಕ್ಕದ ಪ್ರಶ್ನೆಯ ಗುರುತು ಒತ್ತಿ ಚಿಕ್ಕ ಟೆಸ್ಟ್ ಓಡಿಸಿ, ಆಗ ಓದಿ.

ಟೆಸ್ಟ್ ಓಡುವಾಗಲೂ ಅವನದ್ದರಲ್ಲಿ ಕಂಡದ್ದು: ಕಾರ್ಡ್ 4.0ರ 16 ಲೇನ್‌ನದ್ದು, ಸಿಗುತ್ತಿರುವುದು 2.0ರ 4 ಲೇನ್.

ಲೇನ್ ಅಂದರೆ ಕಾರ್ಡ್ ಮತ್ತು ಪ್ರೊಸೆಸರ್ ನಡುವಿನ ದಾರಿಗಳು. ಪಿಸಿಐ ಎಕ್ಸ್‌ಪ್ರೆಸ್ 2.0ರಲ್ಲಿ ಒಂದು ಲೇನ್ ಸೆಕೆಂಡಿಗೆ ಅರ್ಧ ಜಿಬಿ ಸಾಗಿಸುತ್ತದೆ. 3.0ರಲ್ಲಿ ಸುಮಾರು 1, 4.0ರಲ್ಲಿ ಸುಮಾರು 2. ರೈಜನ್ 2600 ಮತ್ತು ಬಿ450 ಬೋರ್ಡಿನ ಮೇಲಿನ ಸ್ಲಾಟಿನಲ್ಲಿ 3.0ರ 16 ಲೇನ್ ಇವೆ, ಅಂದರೆ ಹತ್ತಿರ ಹತ್ತಿರ 16 ಜಿಬಿ. ಅವನಿಗೆ ಸಿಗುತ್ತಿದ್ದದ್ದು 2 ಜಿಬಿ. ಎಂಟರಲ್ಲಿ ಒಂದು ಪಾಲು.

"ಯಾವ ಸ್ಲಾಟಿಗೆ ಹಾಕಿದ್ದೀ?" ಅಂದೆ. ಕೆಳಗಿನ ಉದ್ದ ಸ್ಲಾಟ್. ಯಾಕೆ? ಮೇಲಿನದಕ್ಕೆ ಕೂರಲಿಲ್ಲ, ಕಾರ್ಡಿನ ತುದಿ ಹಾರ್ಡ್ ಡಿಸ್ಕ್ ಕೂರಿಸುವ ಗೂಡಿಗೆ ತಾಗುತ್ತಿತ್ತು. ಕೆಳಗೆ ಗೂಡಿನ ಖಾನೆ ಖಾಲಿ, ಆರಾಮಾಗಿ ಕೂತಿತು. ಎರಡೂ ಸ್ಲಾಟ್ ಒಂದೇ ಉದ್ದ, ಒಂದೇ ಥರ ಕಾಣುತ್ತವೆ, ವ್ಯತ್ಯಾಸ ಇದೆ ಅಂತ ಯಾರಿಗೆ ಗೊತ್ತಾಗಬೇಕು. ಅವನ ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಆದರೆ ಬಿ450ರಲ್ಲಿ ಕೆಳಗಿನ ಸ್ಲಾಟಿನ ದಾರಿ ಸಾಮಾನ್ಯವಾಗಿ ಚಿಪ್‌ಸೆಟ್ ಅನ್ನುವ ಬೋರ್ಡಿನ ಸಹಾಯಕ ಚಿಪ್ ಮೂಲಕ ಬರುತ್ತದೆ, ಆ ಚಿಪ್‌ಸೆಟ್‌ನ ಲೇನ್‌ಗಳು 2.0. ಉದ್ದ ಸ್ಲಾಟ್ ಇದ್ದ ಮಾತ್ರಕ್ಕೆ ಒಳಗೆ 16 ಲೇನ್ ಇರಬೇಕು ಅಂತಿಲ್ಲ.

ಅಂದರೆ ಈ ನಿಧಾನದ ಮೂಲ ಕಾರಣ ಹಾಳೆಯಲ್ಲಿ ಯಾರೂ ನೋಡದ ಇನ್ನೊಂದು ಸಾಲು: ಉದ್ದ. ಮೂರು ಫ್ಯಾನ್‌ನ ಕಾರ್ಡ್‌ಗಳು ಹೆಚ್ಚಾಗಿ 28ರಿಂದ 32 ಸೆಂಟಿಮೀಟರ್. ಕೊಳ್ಳುವ ಮೊದಲು ಕ್ಯಾಬಿನೆಟ್ ತೆರೆದು, ಹಿಂಬದಿಯ ಪಟ್ಟಿಯಿಂದ ಮುಂದೆ ಏನಾದರೂ ಅಡ್ಡ ಬರುವವರೆಗೆ ಟೇಪ್ ಹಿಡಿದು ಅಳೆಯಿರಿ. ಮುಂದಿನ ಫ್ಯಾನ್‌ನ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಿರಿ. ದಪ್ಪ ಎಷ್ಟು ಸ್ಲಾಟ್ ತಿನ್ನುತ್ತದೆ ಅಂತಲೂ ಹಾಳೆಯಲ್ಲಿ ಇರುತ್ತದೆ. ನಾವು ಆ ಗೂಡಿನ ಸ್ಕ್ರೂ ಬಿಚ್ಚಿ ಹೊರಗೆ ತೆಗೆದೆವು, ಹಾರ್ಡ್ ಡಿಸ್ಕನ್ನು ಮೇಲೆ ಡಿವಿಡಿ ಡ್ರೈವ್ ಕೂರುವ ಖಾನೆಗೆ ಹಾಕಿದೆವು, ಕಾರ್ಡನ್ನು ಮೇಲಿನ ಸ್ಲಾಟಿಗೆ. ಜಿಪಿಯು-ಝಡ್ ಈಗ 3.0ರ 16 ಲೇನ್ ತೋರಿಸಿತು. ಗೇಮ್ ಹಾಕಿ ಪಾತ್ರವನ್ನು ಗಿರಗಿರ ತಿರುಗಿಸಿದ, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಅವನ ಮುಖ ನೋಡಬೇಕಿತ್ತು.

ಎಲ್ಲ ಕಾರ್ಡ್‌ಗಳಲ್ಲೂ 16 ಲೇನ್ ಇರುವುದಿಲ್ಲ ಅನ್ನುವುದನ್ನೂ ಹೇಳಬೇಕು. ಆರ್‌ಟಿಎಕ್ಸ್ 4060 ಮತ್ತು ಆರ್‌ಎಕ್ಸ್ 6600 ಎರಡೂ 8 ಲೇನ್‌ನವು, 3.0 ಬೋರ್ಡಿನಲ್ಲೂ ಹೆಚ್ಚು ನಷ್ಟ ಇಲ್ಲ. 2022ರ ಜನವರಿಯಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ ಮಾತ್ರ 4 ಲೇನ್‌ನದ್ದು, ಮೆಮೊರಿಯೂ 4 ಜಿಬಿ. 4.0 ಬೋರ್ಡಿನಲ್ಲಿ 8 ಜಿಬಿ ದಾರಿ ಸಿಗುತ್ತದೆ, ಹಳೆಯ 3.0 ಬೋರ್ಡಿನಲ್ಲಿ 4 ಮಾತ್ರ. ಕಾರ್ಡಿನ ಮೆಮೊರಿ ತುಂಬಿದಾಗ ಉಳಿದದ್ದು ಇದೇ ದಾರಿಯಲ್ಲಿ ರ‍್ಯಾಮ್‌ನಿಂದ ಬರಬೇಕು, ಅಲ್ಲಿ ಸಿಕ್ಕಿಕೊಳ್ಳುತ್ತದೆ. ಹಳೆ ಪಿಸಿಗೆ ಕಮ್ಮಿ ಬೆಲೆಯ ಕಾರ್ಡ್ ಹುಡುಕುವವರೇ ಇಂಥದ್ದನ್ನು ಕೊಳ್ಳುವುದು, ಹೊಡೆತ ಬೀಳುವುದೂ ಹಳೆ ಪಿಸಿಗೇ.

ಮೆಮೊರಿ ತುಂಬಿದೆಯಾ ಅಂತ ನೋಡಲು ಟಾಸ್ಕ್ ಮ್ಯಾನೇಜರ್ ಸಾಕು. ಪರ್ಫಾರ್ಮೆನ್ಸ್‌ನಲ್ಲಿ ಜಿಪಿಯು ಒತ್ತಿದರೆ ಡೆಡಿಕೇಟೆಡ್ ಮತ್ತು ಶೇರ್ಡ್ ಅಂತ ಎರಡು ಲೆಕ್ಕ. ಡೆಡಿಕೇಟೆಡ್ ತುಂಬಿ ಶೇರ್ಡ್ ಏರುತ್ತಾ ಹೋದರೆ ಜಿಬಿ ಸಾಲುತ್ತಿಲ್ಲ. ಗೇಮ್‌ನ ಸೆಟ್ಟಿಂಗ್‌ನಲ್ಲಿ ಟೆಕ್ಸ್‌ಚರ್ ಕ್ವಾಲಿಟಿ ಒಂದು ಮೆಟ್ಟಿಲು ಇಳಿಸಿ. ಜಿಬಿ ಎಷ್ಟು ಅನ್ನುವ ಪ್ರಶ್ನೆಗೆ ನಿಜವಾದ ಬೆಲೆ ಇರುವುದು ಇಲ್ಲಿ, ಕೌಂಟರಿನಲ್ಲಿ ಅಲ್ಲ.

ಹೆಸರು ಒಂದೇ, ಕಾರ್ಡ್ ಬೇರೆ

ಯಾವ ದೋಷವೂ ಇಲ್ಲ, ಲೇನ್ ಸರಿ, ಪವರ್ ಸರಿ, ಆದರೂ ವೀಡಿಯೊದಲ್ಲಿ ನೋಡಿದಷ್ಟು ಓಡುತ್ತಿಲ್ಲ ಅನ್ನುವವರು ಜಿಪಿಯು-ಝಡ್‌ನಲ್ಲಿ ಇನ್ನೂ ಮೂರು ಸಾಲು ಓದಿ: ಮೆಮೊರಿ ಟೈಪ್, ಬಸ್ ವಿಡ್ತ್ (ಚಿಪ್ ಮತ್ತು ಮೆಮೊರಿ ನಡುವಿನ ದಾರಿಯ ಅಗಲ, ಬಿಟ್‌ನಲ್ಲಿ), ಬ್ಯಾಂಡ್‌ವಿಡ್ತ್ (ಆ ದಾರಿಯಲ್ಲಿ ಸೆಕೆಂಡಿಗೆ ಎಷ್ಟು ಜಿಬಿ ಸಾಗುತ್ತದೆ). ಒಂದೇ ಹೆಸರಿನಲ್ಲಿ ಎರಡು ಥರ ಮಾರುವುದು ಈ ವ್ಯಾಪಾರದಲ್ಲಿ ಮಾಮೂಲು, ನನಗೆ ಇದರ ಬಗ್ಗೆ ನಿಜಕ್ಕೂ ಬೇಸರ ಇದೆ.

ಜಿಟಿ 1030 ನೋಡಿ. 2017ರಲ್ಲಿ ಜಿಡಿಡಿಆರ್5 ಮೆಮೊರಿಯ ಜೊತೆ ಬಂತು, ಮರುವರ್ಷ ಅದಕ್ಕಿಂತ ನಿಧಾನದ ಡಿಡಿಆರ್4 ಹಾಕಿ ಅದೇ ಹೆಸರಲ್ಲಿ ಇನ್ನೊಂದು ಬಂತು. ಎರಡೂ 2 ಜಿಬಿ, ಎರಡೂ 64 ಬಿಟ್. ಲೆಕ್ಕ ಹಾಕುವುದು ಸುಲಭ: ಬಿಟ್ ಅನ್ನು 8ರಿಂದ ಭಾಗಿಸಿ, ಮೆಮೊರಿಯ ವೇಗದಿಂದ ಗುಣಿಸಿ. ಮೊದಲನೆಯದಕ್ಕೆ 8 ಗುಣಿಸು 6, ಸೆಕೆಂಡಿಗೆ 48 ಜಿಬಿ. ಎರಡನೆಯದಕ್ಕೆ 8 ಗುಣಿಸು 2.1, ಬರೀ 16.8. ಡಬ್ಬದ ಮೇಲಿನ ಹೆಸರು ಒಂದೇ, ಒಳಗೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು.

ಆರ್‌ಟಿಎಕ್ಸ್ 3060ಕ್ಕೂ ಹೀಗೆಯೇ. ಅವನು ತಂದ 12 ಜಿಬಿಯದಕ್ಕೆ 192 ಬಿಟ್, 360 ಜಿಬಿ ಬ್ಯಾಂಡ್‌ವಿಡ್ತ್. ಆಮೇಲೆ ಬಂದ 8 ಜಿಬಿಯದಕ್ಕೆ 128 ಬಿಟ್, 240. ಜನ ಅಂದುಕೊಳ್ಳುವುದು ಬರೀ 4 ಜಿಬಿ ಕಮ್ಮಿ ಅಂತ. ಆರ್‌ಟಿಎಕ್ಸ್ 3050ರಲ್ಲಿ 8 ಜಿಬಿಯದು 128 ಬಿಟ್, 130 ವ್ಯಾಟ್. 2024ರಲ್ಲಿ ಬಂದ 6 ಜಿಬಿಯದು 96 ಬಿಟ್, 70 ವ್ಯಾಟ್, ಚಿಪ್ಪಿನೊಳಗೆ ಲೆಕ್ಕ ಮಾಡುವ ಕೋರ್‌ಗಳೂ 2560 ಬದಲು 2304. ಆದರೆ ಇದನ್ನು ಕೆಟ್ಟದ್ದು ಅನ್ನಲಾರೆ. 70 ವ್ಯಾಟ್ ಅಂದರೆ ಸ್ಲಾಟಿನ ಪವರ್ ಸಾಕು, ಆಫೀಸಿನ ಹಳೆ ಡೆಸ್ಕ್‌ಟಾಪ್‌ಗೆ ಎಸ್‌ಎಂಪಿಎಸ್ ಬದಲಾಯಿಸದೆ ಹಾಕಬಹುದು. ನಿಮಗೆ ಯಾವುದು ಬೇಕು ಅಂತ ಗೊತ್ತಿದ್ದು ಕೊಂಡರೆ ಒಳ್ಳೆಯ ಕಾರ್ಡ್.

ಆದರೆ ಈ ಸಂಖ್ಯೆಗಳನ್ನು ಹೋಲಿಸುವುದು ಒಂದೇ ತಲೆಮಾರಿನ ಒಳಗೆ ಮಾತ್ರ. ಆರ್‌ಟಿಎಕ್ಸ್ 4060ಕ್ಕೆ 272 ಜಿಬಿ ಬ್ಯಾಂಡ್‌ವಿಡ್ತ್, 3060ರ 360ಕ್ಕಿಂತ ಕಮ್ಮಿ, ಆದರೂ ಹೆಚ್ಚಿನ ಗೇಮ್‌ಗಳಲ್ಲಿ ಅದೇ ಮುಂದೆ, ಯಾಕೆಂದರೆ ಚಿಪ್ಪಿನೊಳಗಿನ ಚಿಕ್ಕ, ವೇಗದ ಮೆಮೊರಿಯಾದ ಕ್ಯಾಶ್ 3 ಎಂಬಿಯಿಂದ 24 ಎಂಬಿ ಆಗಿದೆ, ಪದೇ ಪದೇ ಹೊರಗಿನ ಮೆಮೊರಿಗೆ ಹೋಗಬೇಕಾಗಿಲ್ಲ. ಕೋರ್ ಲೆಕ್ಕವೂ ಅಷ್ಟೇ. ಆರ್‌ಟಿಎಕ್ಸ್ 2060ರಲ್ಲಿ 1920 ಕೋರ್, 3050ರಲ್ಲಿ 2560, ಆದರೂ ಗೇಮ್‌ನಲ್ಲಿ ಸಾಮಾನ್ಯವಾಗಿ 2060 ಮುಂದೆ. ಎಎಂಡಿಯ ಕೋರ್ ಸಂಖ್ಯೆಯನ್ನು ಎನ್ವಿಡಿಯಾದ ಪಕ್ಕ ಇಟ್ಟು ನೋಡುವುದರಲ್ಲಂತೂ ಅರ್ಥವೇ ಇಲ್ಲ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಆದರೆ ಇನ್ನೂ ಒಂದು ಅಪಾಯ. ಹಳೆಯ ಜಿಟಿಎಸ್ 450, ಜಿಟಿಎಕ್ಸ್ 550 ಟಿಐ ಥರದ ಕಾರ್ಡ್‌ಗಳ ಬಯೋಸ್ ತಿದ್ದಿ 1050 ಟಿಐ ಅಂತ ಮಾರಿದ್ದುಂಟು. 2018ರಿಂದ ಜಿಪಿಯು-ಝಡ್ ಇಂಥವನ್ನು ಗುರುತಿಸಿ ಹೆಸರಿನ ಪಕ್ಕದಲ್ಲೇ ಫೇಕ್ ಅಂತ ತೋರಿಸುತ್ತದೆ. ದುಡ್ಡು ಕೊಡುವ ಮೊದಲು ಅವರ ಪಿಸಿಯಲ್ಲೇ ಹಾಕಿಸಿ, ಇದನ್ನು ತೆರೆದು ತೋರಿಸಲು ಹೇಳಿ. ಒಪ್ಪದಿದ್ದರೆ ಎದ್ದು ಬನ್ನಿ.

ಕಾರ್ಡ್ ಸುಮ್ಮನೆ ಕೂತಿದ್ದರೆ

ಎಲ್ಲ ಆದ ಮೇಲೂ ಅವನ ಒಂದು ಗೇಮ್‌ನಲ್ಲಿ ಎಫ್‌ಪಿಎಸ್ ಏರಲಿಲ್ಲ. ಆಫ್ಟರ್‌ಬರ್ನರ್‌ನಲ್ಲಿ ಜಿಪಿಯು ಬಳಕೆ 55ರ ಆಸುಪಾಸು. ಕಾರ್ಡ್ 95ರ ಮೇಲೆ ದುಡಿಯುತ್ತಿದ್ದರೆ ಮಿತಿ ಕಾರ್ಡಿನದ್ದು. ಅರ್ಧ ಖಾಲಿ ಇದ್ದೂ ಎಫ್‌ಪಿಎಸ್ ಕಮ್ಮಿ ಇದ್ದರೆ ಮಿತಿ ಬೇರೆಲ್ಲೋ. 1080ರಿಂದ 720ಕ್ಕೆ ರೆಸಲ್ಯೂಶನ್ ಇಳಿಸಿ ನೋಡಿದೆವು, ಎಫ್‌ಪಿಎಸ್ ಅಲ್ಲಾಡಲೇ ಇಲ್ಲ. ಅಂದರೆ ಪ್ರೊಸೆಸರ್ ಅಥವಾ ರ‍್ಯಾಮ್. ಒಂದೇ ಸ್ಟಿಕ್ ಇದ್ದರೆ ರ‍್ಯಾಮ್ ಒಂದೇ ದಾರಿಯಲ್ಲಿ ಓಡುತ್ತದೆ, ಜೋಡಿ ಹಾಕಿದರೆ ಎರಡು ದಾರಿ. ರೈಜನ್‌ಗೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಅದೇ ವೇಗದ ಇನ್ನೊಂದು 8 ಜಿಬಿ ಸ್ಟಿಕ್ ತಂದು ಬೋರ್ಡಿನ ಪುಸ್ತಕದಲ್ಲಿ ಹೇಳಿದ ಎರಡು ಸ್ಲಾಟಿಗೆ ಹಾಕು, ರ‍್ಯಾಮ್ ತನ್ನ ಪೂರ್ತಿ ವೇಗದಲ್ಲಿ ಓಡಲು ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡು ಅಂದೆ. ಅದು ಮುಂದಿನ ತಿಂಗಳಿಗೆ.

ಬಿಸಿಯ ವಿಷಯ ಎರಡು ಮಾತು. ಈ ಕಾರ್ಡಿಗೆ ಕಂಪನಿ ಕೊಟ್ಟ ಗರಿಷ್ಠ 93 ಡಿಗ್ರಿ, ಆದರೆ 83ರ ಹತ್ತಿರ ಬಂದಾಗಲೇ ಅದು ವೇಗ ಇಳಿಸಲು ಶುರು ಮಾಡುತ್ತದೆ. ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಮಂದವಾದರೆ ಇದನ್ನೇ ನೋಡಿ. ಕ್ಯಾಬಿನೆಟ್ ಪಕ್ಕದ ಬಾಗಿಲು ತೆಗೆದು ಆಡಿದಾಗ ಐದಾರು ಡಿಗ್ರಿ ಇಳಿದರೆ ಗಾಳಿ ಸಾಲುತ್ತಿಲ್ಲ. ಅವರ ಬಿಲ್ಡಿಂಗ್ ರೈಲ್ವೆ ಹಳಿಯ ಪಕ್ಕ, ಧೂಳು ಹೇಳಿ ತೀರದು, ಮುಂದಿನ ಜಾಲರಿಯನ್ನು ತಿಂಗಳಿಗೊಮ್ಮೆ ಬ್ರಶ್‌ನಿಂದ ತೆಗೆಯಲೇಬೇಕು. ಮತ್ತೆ, ಕ್ಯಾಬಿನೆಟ್ ಎಲ್ಲಿಗಾದರೂ ಲೋಕಲ್‌ನಲ್ಲಿ ಒಯ್ಯುವುದಾದರೆ ಕಾರ್ಡ್ ಬಿಚ್ಚಿ ಬೇರೆ ಹಿಡಿದುಕೊಳ್ಳಿ. ಒಂದು ಕಿಲೋ ಹತ್ತಿರದ ತೂಕ ಆ ನೂಕುನುಗ್ಗಲಿನಲ್ಲಿ ಸ್ಲಾಟಿನ ಮೇಲೆ ಜಗ್ಗುತ್ತದೆ, ಸ್ಲಾಟ್ ಮುರಿದರೆ ಬೋರ್ಡೇ ಬದಲಾಯಿಸಬೇಕು.

ಹೊರಡುವ ಮೊದಲು ಒಂದು ಚೀಟಿ ಬರೆದು ಕ್ಯಾಬಿನೆಟ್ ಬಾಗಿಲಿನ ಒಳಗೆ ಅವನ ಕೈಯಲ್ಲೇ ಅಂಟಿಸಿದೆ. ಮುಂದೆ ಯಾವ ಕಾರ್ಡ್ ತಂದರೂ ಡಬ್ಬ ತೆರೆಯುವ ಮೊದಲು ಅದರ ಹಾಳೆಯನ್ನು ಈ ಚೀಟಿಯ ಪಕ್ಕ ಇಟ್ಟು ನೋಡು ಅಂದೆ. ಅದರಲ್ಲಿರುವುದು ಇಷ್ಟು: ಎಸ್‌ಎಂಪಿಎಸ್ 12 ವೋಲ್ಟ್ 45 ಆಂಪ್ಸ್. 8 ಪಿನ್ ಕೇಬಲ್ ಎರಡು. ಮೇಲಿನ ಸ್ಲಾಟ್ 3.0, 16 ಲೇನ್. ಕೆಳಗಿನದು ಬೇಡ. ಗೂಡು ತೆಗೆದ ಮೇಲೆ ಉದ್ದಕ್ಕೆ ಜಾಗ 35 ಸೆಂಟಿಮೀಟರ್.